ಒಂಟಿ ಸೀನು

ದುಂಡಪ್ಪ ಹೊಸ್ತಿಲು ದಾಟಿ ಒಂದು ಕಾಲು ಹೊರಗಿಟ್ಟಿದ್ದ, ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಹೆಂಡತಿ ಚನ್ನವ್ವ ಸೀನಿದಳು. ಒಂಟಿ ಸೀನು ಕೇಳಿದ ಮೇಲೆ ಕಲ್ಲೋಳಿಯ ಯಾವ ಚಕ್ಕಡಿ ಗಾಡಿಯವನೂ ಮುಂದೆ ಹೆಜ್ಜೆ ಇಡುವುದಿಲ್ಲ. ದುಂಡಪ್ಪ ಕಾಲು ಒಳಗೆ ಎಳೆದುಕೊಳ್ಳುವವನೇ ಇದ್ದ. ಆಗ ಚನ್ನವ್ವನ ಹಾಳು ಮೂಗು ಇನ್ನೊಂದು ಸಲ ಸೀನಿಬಿಟ್ಟಿತು.

“ಜೋಡಿ ಸೀನು. ಶುಭ ಆತು,” ಎಂದು ರುಮಾಲು ಸರಿಮಾಡಿಕೊಂಡು ಅವನು ಶೇಂದಿ ಅಂಗಡಿಯ ದಾರಿ ಹಿಡಿದ.

ಚನ್ನವ್ವ ತಪಕೀರಿನ, ಅಂದರೆ ನಶ್ಯದ, ಡಬ್ಬಿ ಹಿಡಿದುಕೊಂಡೇ ಕುಳಿತಳು. ಮಗಳು ತಾಯವ್ವನನ್ನು ಒಪ್ಪಿದ್ದ ಅಂಕಲಗಿಯ ಬೀಗರು ಹೇಳಿ ಕಳಿಸಿದ್ದರು: ಹುಣ್ಣಿಮೆಗೆ ಬರುತ್ತೇವೆ, ಹುಡುಗಿಯ ಅಪ್ಪ ಕುಡಿಯುವುದು ಬಿಟ್ಟಿದ್ದರೆ ವೀಳ್ಯ, ಇಲ್ಲದಿದ್ದರೆ ಬಂದ ದಾರಿ. ಅಳುವುದು, ಬೈಯುವುದು, ಆಣೆ ಹಾಕಿಸುವುದು ಎಲ್ಲ ಮುಗಿದಿತ್ತು. ಆಣೆಗೆ ಹೆದರದ ಗಂಡ ಸೀನಿಗೆ ಹೆದರುತ್ತಾನೆಂದು ಅವಳಿಗೆ ಹೊಳೆದದ್ದು ಮೊನ್ನೆಯಷ್ಟೇ.

“ಒಂದ ಚಿಟಿಕಿ ಏರಸಬೇಕವಾ. ನೀ ಮುಷ್ಟಿ ತುಂಬ ಏರಿಸಿದಿ,” ಎಂದಳು ಡಬ್ಬಿಯ ಒಡತಿ, ಅತ್ತೆ ಫಕೀರವ್ವ.

“ಹಂಗಾರ ನೀವ ಸೀನ್ರಿ ಅತ್ತಿ.”

“ನನ್ನ ಮೂಗು ಯಾವಾಗೋ ಸತ್ತೈತಿ. ತಪಕೀರ ಏರಿಸಿ ಏರಿಸಿ, ಈಗ ಮೆಣಸಿನಕಾಯಿ ಸುಟ್ಟರೂ ಸೀನು ಬರೂದಿಲ್ಲ.”

ಮರುದಿನ ಬಾಜೂ ಮನೆಯ ರಾಜಮತಿಯೂ ಸೇರಿಕೊಂಡಳು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ. ಸಂಜೆ ಸೀನುವುದಕ್ಕೆ ಪುರುಸೊತ್ತು ಬೇಕಾದಷ್ಟಿತ್ತು. ಚನ್ನವ್ವ ಸೀನಿದಾಗ ದುಂಡಪ್ಪ ಒಳಗೆ ಬಂದು, ಕಾಲು ತೊಳೆದು, ಗುಟುಕು ನೀರು ಕುಡಿದು, ತುಸು ಕೂತು ಮತ್ತೆ ಹೊರಟ. ಕಟ್ಟೆಯ ಮೇಲೆ ರಾಜಮತಿ ಸೀನಿದಳು. ಮತ್ತೆ ಒಳಗೆ, ಮತ್ತೆ ಕಾಲು, ಮತ್ತೆ ನೀರು. ಮೂರನೆಯ ಸಲ ಓಣಿಯ ತಿರುವು ಮುಟ್ಟಿದರೆ ಅಲ್ಲಿ ಬೇವಿನ ಮರದ ಮರೆಯಲ್ಲಿ ರಾಜಮತಿಯ ಗಂಡ ತವನಪ್ಪ ಮಾಸ್ತರರು ಗಾಂಧಿ ಟೊಪ್ಪಿಗೆಯನ್ನು ಮೂಗಿಗೆ ಅಡ್ಡ ಹಿಡಿದು ಸೀನಿದರು.

“ಮಾಸ್ತರ್ರ, ಸೀನು ಶಕುನ ಅಲ್ಲ, ಬರೇ ಧೂಳು ಅಂತ ಸಾಲ್ಯಾಗ ಕಲಸ್ತೀರಂತ.”

“ಖರೆ ಐತಿ ದುಂಡಪ್ಪ. ನನಗ ಶಕುನದಾಗ ನಂಬಿಕಿ ಇಲ್ಲ. ನಿನಗ ಐತ್ಯಲ್ಲ, ಹೊಳ್ಳಿ ನಡಿ.”

ಅಷ್ಟು ಹೊತ್ತಿಗೆ ಶೇಂದಿ ಅಂಗಡಿಯ ಗಡಿಗೆ ಬರಿದಾಗಿತ್ತು. ನಾಲ್ಕು ದಿನದಲ್ಲಿ ಈ ನೆಗಡಿ ಓಣಿಗೇ ಹಬ್ಬಿತು. ಹೊರಡುವ ಗಂಡಸರನ್ನೆಲ್ಲ ಅವರವರ ಮನೆಯವರು ಸೀನಿ ಸೀನಿ ಕೂರಿಸಿದರು. ಸಂಜೆಯಾದರೆ ಗಂಡಸರು ಕಟ್ಟೆಯ ಮೇಲೆ ಸಾಲಾಗಿ ಕೂತು ಹೆಂಗಸರ ಮೂಗನ್ನೇ ನೋಡುತ್ತಿದ್ದರು. ಚನ್ನವ್ವನಿಗೆ ಎಷ್ಟು ಖುಷಿಯೆಂದರೆ, ನಗು ತಡೆಯಲಾಗದೆ ನೀರಿನ ಕೊಡ ಎತ್ತಿ ಹಾಕಿದಳು.

ಹುಣ್ಣಿಮೆಯ ಹಿಂದಿನ ಸಂಜೆ ಮಾಸ್ತರರು ಹೆಂಡತಿಯೊಡನೆ ಹುಕ್ಕೇರಿಗೆ ಮದುವೆಗೆ ಹೋಗಿದ್ದರು. ಉಳಿದವರು ಗೆದ್ದೆವೆಂದು ಮೈಮರೆತಿದ್ದರು. ದುಂಡಪ್ಪ ಎದ್ದು ಚಪ್ಪಲಿ ಮೆಟ್ಟಿದ. ಚನ್ನವ್ವ ಬಾಗಿಲ ಹಿಂದೆ ಒಂದು ಚಿಟಿಕೆ ಏರಿಸಿದಳು. ಸೀನು ಬರಲಿಲ್ಲ. ಇನ್ನೊಂದು ಚಿಟಿಕೆ ಏರಿಸಿದಳು. ಬಾಯಿ ತೆರೆಯಿತು, ಕಣ್ಣಲ್ಲಿ ನೀರು ಬಂತು, ಮೂಗು ಮಾತ್ರ ಅತ್ತೆಯ ಮೂಗಿನಂತೆ ಸುಮ್ಮನಿತ್ತು. ನಾಳೆ ಬೀಗರೆದುರು ಮಗಳು ತಲೆ ತಗ್ಗಿಸಿ ನಿಲ್ಲುವುದು ಅವಳ ಕಣ್ಣಿಗೆ ಕಟ್ಟಿತು.

ದುಂಡಪ್ಪ ಒಂದು ಕಾಲು ಹೊರಗಿಟ್ಟು ನಿಂತ. ಅಲ್ಲೇ ನಿಂತ. ಕಾಯ್ದ. ಕೊನೆಗೆ ಕತ್ತು ತಿರುಗಿಸಿ ಕೇಳಿದ:

“ಯಾಕ, ಏನಾತು?”

“ಬರವಲ್ದು ನೋಡ್ರಿ,” ಎಂದು ಚನ್ನವ್ವ ಡಬ್ಬಿ ಹಿಡಿದೇ ಅತ್ತಳು.

ದುಂಡಪ್ಪ ಒಳಗೆ ಬಂದ. ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು ತಾನೇ ಒಂದು ಚಿಟಿಕೆ ಏರಿಸಿ, ಕಟ್ಟಿದ್ದ ಕರು ಬೆಚ್ಚುವಂತೆ ಸೀನಿದ. ಎರಡನೆಯದು ಉಕ್ಕಿ ಬಂತು. ಕೂಡಲೇ ಎರಡೂ ಕೈಯಿಂದ ಮೂಗು ಗಟ್ಟಿಯಾಗಿ ಹಿಡಿದು, ಮುಖ ಕೆಂಪಗಾದರೂ ಅದು ಅಡಗುವವರೆಗೆ ಬಿಡಲಿಲ್ಲ.

“ಒಂಟಿ,” ಎಂದು ಚಪ್ಪಲಿ ಕಳಚಿದ. “ಇವತ್ತ ಹೋಗೂದ ಬ್ಯಾಡ.”

ಆಮೇಲೆ ಡಬ್ಬಿಯನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡ.

“ಇದು ಇನ್ನ ನಿನ್ನ ಕೈಯಾಗ ಬ್ಯಾಡ. ಬೀಗರು ಬರೂ ಹೊತ್ತಿಗೆ ಮನ್ಯಾಗ ಚಟದವರು ಯಾರೂ ಇರಬಾರದು.”