ಕೆಂಪು ಗಿಟಾರಿನ ತದ್ರೂಪ

ಹಳೆಯ ಎಲೆಕ್ಟ್ರಿಕ್ ಗಿಟಾರುಗಳ ತದ್ರೂಪಗಳನ್ನು ಕೈಯಲ್ಲೇ ತಯಾರಿಸುವ ಡೆನಿಸ್, ಫೋಟೋ ನೋಡಿ ಮಾಡಿದ್ದ ಕೆಂಪು ಗಿಟಾರನ್ನು ಮೇಜಿನ ಮೇಲಿಟ್ಟ. ಅದನ್ನು ಹೇಳಿ ಮಾಡಿಸಿದ ಮುದ್ದಯ್ಯ ಮಗಳು ಮೇದಿನಿಯನ್ನೂ ಕರೆತಂದಿದ್ದರು.

“ಸಿಟ್ಟಲ್ಲಿ ನಿನ್ನ ಗಿಟಾರು ಒಡೆದುಹಾಕ್ದೆ ಕಣಮ್ಮ. ಈಗ ಅದೇ ಥರದ್ದು ಮಾಡ್ಸಿದೀನಿ.”

ಮೇದಿನಿ ಅದನ್ನು ಮುಟ್ಟಲಿಲ್ಲ.

“ಹಳೇ ಗೀರುಗಳನ್ನೂ ಹಾಗೇ ಮೂಡಿಸಿದೀನಿ ಮೇಡಂ. ಒಂದ್ಸಲ ನುಡಿಸಿ ನೋಡಿ,” ಎಂದ ಡೆನಿಸ್.

ಮಗಳು ಅಲ್ಲಾಡದಿದ್ದಾಗ ಅಪ್ಪನ ದನಿ ಏರಿತು. “ಇನ್ನೂ ಎಷ್ಟು ವರ್ಷ ಈ ಹಟ? ಮುರಿದಿದ್ದು ಒಂದು ಗಿಟಾರು ತಾನೇ?”

ಆಕೆ ದುಪಟ್ಟಾದ ಮರೆಯಿಂದ ಎಡಗೈ ತೆಗೆದು, ಸೊಟ್ಟಗಾಗಿ ಸೆಟೆದುಹೋಗಿದ್ದ ಬೆರಳುಗಳನ್ನು ಡೆನಿಸ್‌ನ ಮುಂದೆ ಚಾಚಿದಳು.

“ಅವತ್ತು ನಾನು ಗಿಟಾರು ಕೈಬಿಡ್ಲಿಲ್ಲ ಅಂತ ಅಪ್ಪ ಇವನ್ನೂ ಮುರಿದ್ರು. ಇವನ್ನೂ ಹಳೇ ಥರಾನೇ ಮಾಡ್ಕೊಡ್ತೀರಾ, ಸಾರ್?”