ಪುಟ್ಟನಂಜಮ್ಮನಿಗೆ ಕುವೈತ್ ಕಾಲ್

ಸತ್ತು ಮಣ್ಣು ಸೇರಿದವಳಿಗೆ ಮತ್ತೆ ಫೋನ್ ಬಂತು.

"ಕುವೈತ್ ಕಾಲ್. ಪಣಕಹಳ್ಳಿ ಪುಟ್ಟನಂಜಮ್ಮ ಇದ್ದಾರಾ?" ಸತ್ಯಮಂಗಲದ ಆಪರೇಟರ್ ತಮಿಳಿನಲ್ಲಿ ಕೇಳಿದಳು.

ತಾಳವಾಡಿಯ ಪೋಸ್ಟ್ ಮಾಸ್ಟರ್ ರುದ್ರಸ್ವಾಮಿ ರಿಸೀವರನ್ನು ಕಿವಿಗೆ ಒತ್ತಿ ಹಿಡಿದ. "ಇಲ್ಲ" ಎಂದ. ತಂತಿಯ ಆ ತುದಿಯಲ್ಲಿ, ಸಮುದ್ರದಾಚೆ, ಒಬ್ಬ ಗಂಡಸು ಉದ್ದಕ್ಕೆ ಉಸಿರು ಬಿಟ್ಟದ್ದು ಕೇಳಿಸಿತು. "ಇಲ್ವಂತಾ? ಸರಿ, ಸರಿ ಬುಡಿ" ಎಂದಿತು ಆ ದನಿ. ಲೈನು ಕಡಿಯಿತು.

ಅದು ಪಿ.ಪಿ. ಕಾಲ್. ಕರೆಯುವವನು ಒಬ್ಬರ ಹೆಸರು ಹೇಳುತ್ತಾನೆ. ಆ ಹೆಸರಿನವರು ಬಂದರಷ್ಟೇ ಮಾತು, ಬಂದರಷ್ಟೇ ಬಿಲ್ಲು. ಇಲ್ಲವೆಂದರೆ ಅಲ್ಲಿಗೇ ಮುಗಿಯಿತು. ರುದ್ರಸ್ವಾಮಿ ಈ ಬೆಟ್ಟಕ್ಕೆ ವರ್ಗವಾಗಿ ಬಂದಾಗಿನಿಂದ ತಿಂಗಳು ತಪ್ಪದೆ ಅದೇ ಕಾಲ್, ಅದೇ ಹೆಸರು, ಅದೇ ನಿಟ್ಟುಸಿರು.

ಕರೆಯುತ್ತಿದ್ದವನು ಸಿದ್ದಮಲ್ಲಪ್ಪ. ಕುವೈತಿನಲ್ಲಿ ಯಾರದೋ ಕಾರು ಓಡಿಸುತ್ತಾನೆ. ಪುಟ್ಟನಂಜಮ್ಮ ಅವನನ್ನು ಹೆತ್ತವಳು. ಕಾಲ್ ಬರುವ ದಿನ ಅವನ ಹೆಂಡತಿ ಶಾಂತಮಲ್ಲಮ್ಮ ಅಂಚೆ ಕಚೇರಿಯ ಜಗಲಿಗೆ ಬಂದು ಕೂರುತ್ತಿದ್ದಳು. ಮಡಿಲಲ್ಲಿ ಕಂಬಳಿ ಸುತ್ತಿದ ಕೂಸು. ಹುಟ್ಟಿದಾಗಿನಿಂದ ಅದಕ್ಕೆ ಎದೆಯ ಕಾಯಿಲೆ, ಉಸಿರೆಳೆದರೆ ಗೊರಗೊರ ಸದ್ದು.

"ಏನಂದ್ರಿ ಸ್ವಾಮಿ?"

"ಇಲ್ಲ ಅಂದೆ."

"ಒಳ್ಳೇದಾಯ್ತು" ಎಂದು ಅವಳು ಎದ್ದು ಹೊರಟಳು. ರುದ್ರಸ್ವಾಮಿಗೆ ಮೈಯೆಲ್ಲ ಉರಿಯಿತು.

"ನಿಲ್ಲಮ್ಮ. ಮಗ ವಿಮಾನ ಹತ್ತಿದ ಮೇಲೆ ನಿಮ್ಮತ್ತೆ ತೀರಿಕೊಂಡರಂತೆ. ಅವನು ಮಣ್ಣಿಗೂ ಬರಲಿಲ್ಲವಂತೆ. ಈಗಲಾದರೂ ನಿಜ ಹೇಳಬಾರದಾ?"

"ಬ್ಯಾಡಿ ಸ್ವಾಮಿ, ನಿಮ್ ಕಾಲ್ಗೆ ಬೀಳ್ತೀನಿ. ಕಾಲ್ ಬಂದ್ರೆ ಇಲ್ಲ ಅಂತ ಮಾತ್ರ ಏಳಿ."

"ಹಾಗಾದರೆ ನೀನೇ ಮಾತಾಡು."

"ನನ್ನ ಕೇಳಿಲ್ವಲ್ಲ ಸ್ವಾಮಿ." ತಲೆ ತಗ್ಗಿಸಿ ಹೋದಳು. ಗಂಡ ಕೆಲಸ ಬಿಟ್ಟು ಓಡಿ ಬಂದಾನೆಂಬ ಭಯ ಇವಳಿಗೆ ಎಂದು ರುದ್ರಸ್ವಾಮಿ ತೀರ್ಮಾನ ಮಾಡಿಬಿಟ್ಟ.

ಒಳ್ಳೆಯ ಮನುಷ್ಯ ಅವನು. ಒಳ್ಳೆಯತನ ಒಂದು ಚೂರು ಹೆಚ್ಚಾಗಿತ್ತು, ಅಷ್ಟೇ. ಸುಮ್ಮನಿರಲಾರದೆ ಒಂದು ಭಾನುವಾರ ಪಣಕಹಳ್ಳಿಗೆ ಹೋಗಿ ರಾಗಿ ಹೊಲದ ಬದುವಿನಲ್ಲಿದ್ದ ಸಮಾಧಿ ನೋಡಿ ಬಂದ. ತಮ್ಮ ಜನದ ಪದ್ಧತಿಯಂತೆ ಮುದುಕಿಯನ್ನು ಕುಳ್ಳಿರಿಸಿಯೇ ಮಣ್ಣು ಮಾಡಿದ್ದರು, ಅಂಗೈಯಲ್ಲಿ ಲಿಂಗವಿಟ್ಟು. ಅಂದಿನಿಂದ ಅವನ ನೆಮ್ಮದಿ ಹಾಳಾಯಿತು. ಫೋನು ಬಡಿದುಕೊಂಡರೆ ಸಾಕು, ಆ ಮಣ್ಣಿನೊಳಗೆ ಕುಳಿತವಳು ಕತ್ತೆತ್ತಿ ಆಲಿಸಿದಂತೆ ಅನ್ನಿಸುತ್ತಿತ್ತು. ಮಗ ಕರೆಯುತ್ತಾನೆ, ಇವಳು ಏಳಲಾರಳು, ನಡುವೆ ನಿಂತು ಇಲ್ಲ ಎನ್ನುವ ಪಾಪಿ ತಾನು.

ಮುಂದಿನ ತಿಂಗಳು ಕಾಲ್ ಬರುವ ದಿನ ಜಗಲಿ ಖಾಲಿಯಿತ್ತು. ಕೂಸಿಗೆ ಉಸಿರೇ ಸಿಕ್ಕದಂತಾಗಿ ಶಾಂತಮಲ್ಲಮ್ಮ ವಾರದ ಹಿಂದೆಯೇ ಅದನ್ನು ಚಾಮರಾಜನಗರದ ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದಳು. ಕಚೇರಿಯಲ್ಲಿ ಕಸ ಗುಡಿಸುವ ಸೋಲಿಗರ ಮುದುಕಿ ಕೇತಮ್ಮ ಮಾತ್ರ ಇದ್ದಳು. ಫೋನಿನ ಗಂಟೆ ಹೊಡೆಯಿತು. ರುದ್ರಸ್ವಾಮಿಗೆ ತಟ್ಟನೆ ದಾರಿ ಹೊಳೆಯಿತು.

"ಕೇತಮ್ಮ, ಬಾ ಇಲ್ಲಿ. ಒಂದು ಪುಣ್ಯದ ಕೆಲಸ. ನಾನು ಪುಟ್ಟನಂಜಮ್ಮ ಅಂದುಕೊಂಡು ಇದರಲ್ಲಿ ಒಂದು ಸಲ 'ಮಗಾ' ಅನ್ನು. ಆ ಹುಡುಗನ ಹೊಟ್ಟೆ ತಣ್ಣಗಾಗಲಿ."

ಕೇತಮ್ಮ ಹಿಂದೆ ಸರಿದಳು. "ಸತ್ತೋರ ಎಸ್ರಲ್ಲಿ ಮಾತಾಡ್ಬಾರ್ದು ಸ್ವಾಮಿ. ಅವ್ರೇ ಬಂದ್ಬುಡ್ತಾರೆ."

"ಬರಲಿ ಬಿಡು, ಮಗನನ್ನು ಮಾತಾಡಿಸಲಿ!"

ಆಪರೇಟರ್ ಎಂದಿನಂತೆ ಕೇಳಿದಳು. ರುದ್ರಸ್ವಾಮಿ ಗಂಟಲು ಸರಿಮಾಡಿಕೊಂಡ. "ಇದ್ದಾರೆ. ಬಂದಿದ್ದಾರೆ. ಲೈನು ಕೊಡಿ."

ಆ ಕಡೆಯಿಂದ ಒಡೆದ ದನಿ: "ಬಂದವ್ಳಾ? ಬಂದವ್ಳೆ ಅಂದ್ರಾ ಸ್ವಾಮಿ?"

"ಹೌದಪ್ಪ. ಇಗೋ, ಮಾತಾಡು." ರಿಸೀವರನ್ನು ಕೇತಮ್ಮನ ಕಿವಿಗೆ ಒತ್ತಿದ.

"ಮಗಾ..." ಎಂದಳು ಅವಳು.

"ಅಯ್ಯೋ ಅವ್ವಾ! ಬಂದೇಬುಟ್ಯಾ!" ಕೋಣೆಗೆಲ್ಲ ಕೇಳುವಂತೆ ಆ ಗಂಡಸು ಗೋಳೋ ಎಂದು ಅತ್ತ. ಏನೋ ದಡಾರನೆ ಬಿದ್ದ ಸದ್ದು. ಆಮೇಲೆ ಬರೀ ತಂತಿಯ ಗುಂಯ್‌ಗುಟ್ಟುವಿಕೆ.

ರುದ್ರಸ್ವಾಮಿ ಕಣ್ಣೊರೆಸಿಕೊಂಡ. "ನೋಡಿದೆಯಾ, ಎಷ್ಟು ಸಂತೋಷ ಅವನಿಗೆ!"

"ಸಂತೋಸಕ್ಕೆ ಯಾರೂ ಇಂಗೆ ಅಳಲ್ಲ ಸ್ವಾಮಿ" ಎಂದ ಕೇತಮ್ಮ ಪೊರಕೆಯನ್ನು ಅಲ್ಲೇ ಬಿಟ್ಟು ಹೊರಗೆ ನಡೆದಳು.

ಮಧ್ಯಾಹ್ನದ ಬಸ್ಸಿಗೆ ಶಾಂತಮಲ್ಲಮ್ಮ ಬಂದಿಳಿದಳು. ಸೊಂಟದ ಮೇಲೆ ಕೂಸು; ಬನ್ನು ಕಚ್ಚಿಕೊಂಡು ಕಾಲು ಬಡಿಯುತ್ತ ನಗುತ್ತಿತ್ತು. ಅವಳ ಮುಖದಲ್ಲಿ ಅಂಥ ಕಳೆಯನ್ನು ರುದ್ರಸ್ವಾಮಿ ಎಂದೂ ಕಂಡಿರಲಿಲ್ಲ.

"ಡಾಕ್ಟ್ರು ಇನ್ನು ಬಯ ಇಲ್ಲ ಅಂದ್ರು ಸ್ವಾಮಿ! ಕಾಲ್ ಬಂದಿತ್ತಾ? ಇಲ್ಲ ಅಂದ್ರಿ ತಾನೆ?"

"ಇನ್ನೆಷ್ಟು ದಿನಮ್ಮ ಆ ಮಾತು? ಬಂದಿದ್ದಾಳೆ ಅಂದೆ. ತಾಯಿಯ ದನಿಯನ್ನೂ ಕೇಳಿಸಿದೆ. ಪಾಪ, ಎಷ್ಟು ಅತ್ತ ಗೊತ್ತಾ?"

ಶಾಂತಮಲ್ಲಮ್ಮ ಜಗಲಿಯ ಮೇಲೆ ಕುಸಿದಳು. "ಏನ್ ಕೆಲ್ಸ ಮಾಡ್ಬುಟ್ರಿ ಸ್ವಾಮಿ! ಅವ್ವ ಸತ್ತಿದ್ದು ಅವ್ರಿಗೆ ಗೊತ್ತು. ಸತ್ತೋರು ಪೋನಿಗೆ ಬರಲ್ಲ, ಬಿಲ್ಲೂ ಬೀಳಲ್ಲ ಅಂತ್ಲೇ ಆ ಎಸ್ರು ಏಳ್ತಿದ್ರು. ನೀವು ಸರ್ಕಾರದೋರು, ನಿಮ್ಗೆ ಎಂಗೆ ಏಳದು? ಇಲ್ಲ ಅಂದ್ರೆ ಕೂಸು ಚೆನ್ನಾಗದೆ ಅಂತ."

ರುದ್ರಸ್ವಾಮಿ ಅವಳ ಮುಂದೆ ಕುಕ್ಕರಿಸಿದ. "ಬಂದಿದ್ದಾಳೆ ಅಂದರೆ?"

ಅವಳು ನಗುವ ಮಗುವನ್ನು ಎದೆಗೆ ಅವುಚಿಕೊಂಡಳು. "ಕೂಸ್ನ ಕರ್ಕಂಡೋಗಕೆ ಬಂದವ್ಳೆ ಅಂತ."