ಚಿಕ್ಕಪ್ಪನ ಎಂಟು ಹಾಡು
ಒಣಕೊಬ್ಬರಿಯ ವಾಸನೆ ಬಂದರೆ ಈಗಲೂ ನನ್ನ ಬೆರಳಿಗೆ ಗೋಂದು ಮೆತ್ತಿದ ಹಾಗೆನಿಸುತ್ತದೆ.

ಅರಸೀಕೆರೆಯಲ್ಲಿ ನಮ್ಮದು ಕೊಬ್ಬರಿ ಮಂಡಿ. ಚಿಕ್ಕಪ್ಪ ಗಿಟಾರ್ ಹಿಡಿದು, ತಾನೇ ಬರೆದ ಎಂಟು ರಾಕ್ ಹಾಡುಗಳನ್ನು ಸ್ಟುಡಿಯೋದಲ್ಲಿ ಒಬ್ಬನೇ ಹಾಡಿ ಆಲ್ಬಮ್ ಮಾಡಿದ್ದ. ಇದ್ದದ್ದು ಒಂದೇ ಕ್ಯಾಸೆಟ್. ಯಾರೂ ಅಳಿಸಬಾರದೆಂದು ಅದರ ಅಂಚಿನ ಪ್ಲಾಸ್ಟಿಕ್ ಚೂರುಗಳನ್ನು ಮುರಿದಿಟ್ಟಿದ್ದ; ಆ ತೂತುಗಳನ್ನು ಮುಚ್ಚದೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುತ್ತಿರಲಿಲ್ಲ.

ಆ ಮಧ್ಯಾಹ್ನ ಮಂಡಿಯಲ್ಲಿ ಮಠದ ಸ್ವಾಮಿಗಳ ಪ್ರವಚನವಿತ್ತು. ರೆಕಾರ್ಡ್ ಮಾಡಲು ತಾತ ಆ ಕ್ಯಾಸೆಟ್ಟನ್ನೇ ತಂದರು.

"ಪುಟ್ಟಿ, ಆ ತೂತುಗಳಿಗೆ ಕಾಗದ ಅಂಟಿಸು. ಅವನ ಅರಚಾಟ ಸಾಕು."

ಕಾನ್ವೆಂಟ್ ಶಾಲೆಯಲ್ಲಿ ಸಿಸ್ಟರ್ ಕಲಿಸಿದಂತೆ ಕಾಗದದ ಅಂಚು ಮಡಿಸಿ, ಗೋಂದು ಹಚ್ಚಿ ಅಂಟಿಸಿದೆ.

ಸಂಜೆ ಚಿಕ್ಕಪ್ಪ ಎರಡೂ ಬದಿ ಹಾಕಿ ಕೇಳಿದ. ಬರೀ ಪ್ರವಚನ.

"ಅಪ್ಪಾ, ನನ್ನ ಹಾಡು?"

"ಈಗ ಆ ಕ್ಯಾಸೆಟ್ಟು ಮನೇಲಿ ಇಡೋ ಹಾಗಾಯ್ತು ಕಣೋ."

ಚಿಕ್ಕಪ್ಪ ಆ ಕಾಗದವನ್ನು ಬೆರಳಿನಿಂದ ಸವರಿದ.

"ಎಷ್ಟು ನೀಟಾಗಿ ಅಂಟಿಸಿದೀಯ ಪುಟ್ಟಿ," ಅಂದ.